ಗ್ರೇನ್ಸ್ ಹೋಯಿತು, ಗಡಿ ಬಂತು: ಐರ್ಲೆಂಡಿನಲ್ಲಿ ಪಕ್ಕದ ದೇಶದ ಟಿವಿ

ಡಂಡಾಕ್ ಊರಿನ ಬೀದಿಗಳಲ್ಲಿ ನಡೆಯುವಾಗ ಸ್ವಲ್ಪ ತಲೆ ಎತ್ತಿ ಚಿಮಣಿಗಳನ್ನು ನೋಡಬೇಕು. ಎಷ್ಟೋ ಮನೆಗಳಲ್ಲಿ ಒಂದೇ ಕಂಬಕ್ಕೆ ಎರಡು ಆಂಟೆನಾ ಇರುತ್ತದೆ. ಒಂದು ಊರ ಪಕ್ಕದ ಕ್ಲರ್ಮಾಂಟ್ ಕಾರ್ನ್ ಬೆಟ್ಟದ ಕಡೆ ತಿರುಗಿರುತ್ತದೆ. ಇನ್ನೊಂದು ಬೇರೆ ಕಡೆ, ಉತ್ತರಕ್ಕೆ. ಮೊದಲನೆಯದು ಐರ್ಲೆಂಡ್ ಗಣರಾಜ್ಯದ ಚಾನೆಲ್‌ಗಳಿಗೆ. ಎರಡನೆಯದು ಪಕ್ಕದ ದೇಶಕ್ಕೆ, ಅಂದರೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಿಂದ ಹಾರಿ ಬರುವ ಬಿಬಿಸಿ, ಯುಟಿವಿಗಳಿಗೆ. ಗಡಿ ಅಲ್ಲಿಂದ ಹತ್ತು ಕಿಲೋಮೀಟರ್ ಆಸುಪಾಸು.

ನನ್ನ ಅಕ್ಕ ನರ್ಸ್ ಕೆಲಸಕ್ಕೆಂದು ಆ ಕಡೆ ಹೋದವಳು. 2013ರಲ್ಲಿ ನಾನು ಅವಳ ಮನೆಯಲ್ಲಿ ಕೆಲವು ವಾರ ಇದ್ದೆ. ಭಾವ ಗಡಿ ದಾಟಿ ನ್ಯೂರಿಗೆ ಹೋಗಿ, ಅಗ್ಗಕ್ಕೆ ಸಿಕ್ಕಿತು ಎಂದು ಒಂದು ಹಳೇ ಡಿಜಿಟಲ್ ಬಾಕ್ಸ್ ತಂದಿದ್ದರು. ಹಾಕಿದರೆ ಬಿಬಿಸಿ ಕನ್ನಡಿಯ ಹಾಗೆ ಬಂತು. ಕಿಟಕಿಯಿಂದಲೇ ಕಾಣುವ ಬೆಟ್ಟದಿಂದ ಬರಬೇಕಾದ ಐರಿಶ್ ಚಾನೆಲ್‌ಗಳು ಮಾತ್ರ ಬರಲಿಲ್ಲ. ಪಟ್ಟಿಯಲ್ಲಿ ಹೆಸರು ಇದೆ, ಪರದೆ ಕಪ್ಪು.

"ದೂರದ್ದು ಬರುತ್ತೆ, ಹತ್ತಿರದ್ದು ಬರಲ್ಲ. ಇದ್ಯಾವ ನ್ಯಾಯ?" ಎಂದು ಭಾವ ಕೇಬಲ್ ಅಲ್ಲಾಡಿಸಿದರು.

"ಕೇಬಲ್ ಬಿಡಿ, ಪಾಪ. ಅದೇನು ಮಾಡೀತು?" ಎಂದಳು ಅಕ್ಕ.

ಅವಳು ಹೇಳಿದ್ದು ಸರಿ. ಕೇಬಲ್ ಚೆನ್ನಾಗಿಯೇ ಇತ್ತು. ತೊಂದರೆ ಶುರುವಾದದ್ದು ಅದರ ಹಿಂದಿನ ವರ್ಷ, 2012ರ ಅಕ್ಟೋಬರ್ 24ರಂದು. ಆ ದಿನ ಗಣರಾಜ್ಯವೂ ಉತ್ತರ ಐರ್ಲೆಂಡೂ ಒಟ್ಟಿಗೆ ತಮ್ಮ ಅನಲಾಗ್ ಟಿವಿ ಪ್ರಸಾರ ನಿಲ್ಲಿಸಿದವು.

ನಮ್ಮಲ್ಲಿ ಟಿವಿ ಡಿಜಿಟಲ್ ಆಯಿತು ಅಂದರೆ ಕೇಬಲ್‌ನವರು ಮನೆಗೆ ಸೆಟ್ ಟಾಪ್ ಬಾಕ್ಸ್ ತಂದಿಟ್ಟದ್ದು ನೆನಪಾಗುತ್ತದೆ. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31 ಗಡುವು ಇತ್ತು. ಐರ್ಲೆಂಡಿನ ಕತೆ ಬೇರೆ. ಅಲ್ಲಿ ಡಿಜಿಟಲ್ ಆದದ್ದು ಮನೆಯ ಮೇಲಿನ ಆಂಟೆನಾಗೆ ಸುಮ್ನೆ ಗಾಳಿಯಲ್ಲಿ ಬರುವ ಟಿವಿ. ಗಾಳಿಯಲ್ಲಿ ಬರುವುದಕ್ಕೆ ಗಡಿ ಗೊತ್ತಾಗುವುದಿಲ್ಲ. ಅಲ್ಲಿನ ಜನ ಅರವತ್ತು ವರ್ಷ ಬದುಕಿದ್ದೇ ಈ ಅನುಕೂಲದ ಮೇಲೆ.

ಬೆಲ್‌ಫಾಸ್ಟ್ ಪಕ್ಕದ ಡಿವಿಸ್ ಬೆಟ್ಟದಿಂದ ಬಿಬಿಸಿ ಟಿವಿ ಪ್ರಸಾರ ಶುರುವಾದದ್ದು 1955ರಲ್ಲಿ. ಗಣರಾಜ್ಯದ ಸ್ವಂತ ಟಿವಿ ಹುಟ್ಟಿದ್ದು 1961ರ ಡಿಸೆಂಬರ್ 31ರ ರಾತ್ರಿ. ನಡುವಿನ ಆರು ವರ್ಷ ಗಡಿ ಜಿಲ್ಲೆಯವರು, ಪೂರ್ವ ಕರಾವಳಿಯವರು ಏನು ಮಾಡಿದರು? ಎತ್ತರದ ಕಂಬ ನೆಟ್ಟು ಬ್ರಿಟಿಷ್ ಟಿವಿ ನೋಡಿದರು. ಡಬ್ಲಿನ್ ಕಡಲ ತೀರದವರಿಗೆ ವೇಲ್ಸ್ ಕಡೆಯಿಂದಲೂ ಬರುತ್ತಿತ್ತು. 1982ರಲ್ಲಿ ಬ್ರಿಟನ್ನಿನಲ್ಲಿ ಚಾನೆಲ್ 4 ಶುರುವಾದಾಗ ವೇಲ್ಸ್‌ನ ಟವರ್‌ಗಳಿಗೆ ಅದರ ಬದಲು ವೆಲ್ಶ್ ಭಾಷೆಯ ಎಸ್4ಸಿ ಬಂತು. ಹಾಗಾಗಿ ಡಬ್ಲಿನ್‌ನ ಕೆಲವು ಮನೆಗಳಲ್ಲಿ ಯಾರಿಗೂ ಅರ್ಥವಾಗದ ಭಾಷೆಯ ಟಿವಿ ಓಡುತ್ತಿತ್ತು.

ಪಶ್ಚಿಮದ ಹಳ್ಳಿಗಳಿಗೆ ಈ ಸಿಗ್ನಲ್ ತಲುಪುತ್ತಿರಲಿಲ್ಲ. ಅಲ್ಲಿ ಊರವರೇ ಸೇರಿ ಗುಡ್ಡದ ತುದಿಯಲ್ಲಿ ಒಂದು ದೊಡ್ಡ ಆಂಟೆನಾ ನಿಲ್ಲಿಸಿ, ಹಿಡಿದ ಸಿಗ್ನಲನ್ನು ಬೇರೆ ತರಂಗಾಂತರದಲ್ಲಿ ಕಣಿವೆಗೆ ಬಿಡುತ್ತಿದ್ದರು. ಇದಕ್ಕೆ ಡಿಫ್ಲೆಕ್ಟರ್ ಎಂದು ಹೆಸರು. ಕಾನೂನು ಪ್ರಕಾರ ತಪ್ಪು, ಆದರೆ ಊರಿಗೆಲ್ಲ ಬೇಕು. ಸರ್ಕಾರ ಮುಚ್ಚಿಸಲು ಹೊರಟಾಗ ಜನ ರೊಚ್ಚಿಗೆದ್ದರು. 1997ರ ಚುನಾವಣೆಯಲ್ಲಿ ಡೊನೆಗಾಲ್‌ನ ನೈಋತ್ಯ ಕ್ಷೇತ್ರದಿಂದ ಟಾಮ್ ಗಿಲ್ಡಿಯಾ ಎಂಬುವರು ಇದೇ ವಿಷಯ ಹಿಡಿದು ಪಕ್ಷೇತರರಾಗಿ ನಿಂತು, ಗೆದ್ದು ಸಂಸತ್ತಿಗೆ ಹೋದರು. ನೀರಿಗೆ, ರಸ್ತೆಗೆ ಓಟು ಕೇಳುವುದನ್ನು ನೋಡಿದ್ದೇವೆ. ಪಕ್ಕದ ದೇಶದ ಟಿವಿಗಾಗಿ ಓಟು ಕೇಳಿ ಗೆದ್ದವರು ಬಹಳ ಇರಲಾರರು, ಅಲ್ವಾ?

ಇಷ್ಟೆಲ್ಲ ನಡೆದದ್ದು ಅನಲಾಗ್ ಸಿಗ್ನಲ್‌ನ ಒಂದು ಗುಣದಿಂದ. ಅದು ನಿಧಾನಕ್ಕೆ ಸಾಯುತ್ತದೆ. ಟವರ್ ಹತ್ತಿರ ಇದ್ದರೆ ಚಿತ್ರ ಚೆನ್ನಾಗಿ ಬರುತ್ತದೆ. ದೂರ ಹೋದಂತೆ ಗ್ರೇನ್ಸ್ ಶುರು. ಇನ್ನೂ ದೂರ ಹೋದರೆ ಮಂಜಿನೊಳಗೆ ಯಾರೋ ಮಾತಾಡಿದ ಹಾಗೆ. ಆದರೂ ಗೋಲ್ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ಹೊಲದ ಆ ತುದಿಯಿಂದ ಯಾರಾದರೂ ಕೂಗಿದರೆ ಅರ್ಧ ಮಾತು ಕೇಳಿ, ಉಳಿದರ್ಧ ನಾವೇ ಊಹಿಸುತ್ತೇವಲ್ಲ, ಹಾಗೆ.

ಡಿಜಿಟಲ್ ಹಾಗಲ್ಲ. ಅದು ಫೋನಿನಲ್ಲಿ ಓಟಿಪಿ ಹೇಳಿದ ಹಾಗೆ. ಆರು ಅಂಕಿಯಲ್ಲಿ ಐದು ಸರಿ ಕೇಳಿದರೆ ಏನು ಪ್ರಯೋಜನ? ಡಿಜಿಟಲ್ ಪ್ರಸಾರದಲ್ಲಿ ತಪ್ಪು ತಿದ್ದಿಕೊಳ್ಳಲು ಒಂದಷ್ಟು ಹೆಚ್ಚುವರಿ ಅಂಕಿಗಳನ್ನೂ ಸೇರಿಸಿ ಕಳಿಸುತ್ತಾರೆ. ಸಣ್ಣ ಪುಟ್ಟ ಪೆಟ್ಟು ಬಿದ್ದರೆ ಟಿವಿ ಸರಿಮಾಡಿಕೊಳ್ಳುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಪೆಟ್ಟು ಮಿತಿ ಮೀರಿತೋ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಇನ್ನೊಂದು ಚೂರು ಕಡಿಮೆಯಾದರೆ 'ಸಿಗ್ನಲ್ ಇಲ್ಲ'. ಒಳ್ಳೆಯ ಚಿತ್ರಕ್ಕೂ ಕಪ್ಪು ಪರದೆಗೂ ನಡುವೆ ಜಾಸ್ತಿ ಜಾಗವೇ ಇಲ್ಲ. ಗಡಿಯಾಚೆಯ ಟಿವಿ ಬದುಕಿದ್ದದ್ದು ಆ ನಡುವಿನ ಜಾಗದಲ್ಲೇ. ಗ್ರೇನ್ಸ್ ಎಂದರೆ ಕೆಟ್ಟ ಚಿತ್ರ ಎಂದುಕೊಂಡಿದ್ದೆವು. ನಿಜ ಹೇಳಬೇಕೆಂದರೆ ಅದೊಂದು ರಿಯಾಯಿತಿ.

ಹಾಗೆಂದು ಡಿಜಿಟಲ್ ಬಂದ ಮೇಲೆ ಎಲ್ಲರಿಗೂ ನಷ್ಟವೇ ಆಯಿತು ಎಂದಲ್ಲ. ಅನಲಾಗ್ ಇದ್ದಷ್ಟು ದಿನ ಅದಕ್ಕೆ ಅಡ್ಡಿಯಾಗಬಾರದು ಎಂದು ಡಿಜಿಟಲ್ ಪ್ರಸಾರವನ್ನು ಕಡಿಮೆ ಶಕ್ತಿಯಲ್ಲಿ ನಡೆಸುತ್ತಿದ್ದರು. ಅನಲಾಗ್ ಹೋದ ಮೇಲೆ ಶಕ್ತಿ ಏರಿಸಿದರು. ಅಲ್ಲಿಯವರೆಗೆ ಡಿಜಿಟಲ್ ಸಿಗದಿದ್ದ ಗಡಿಯ ಎಷ್ಟೋ ಮನೆಗಳಿಗೆ ಆಗ ಸಿಕ್ಕಿತು. ಎರಡೂ ಕಡೆ ಒಂದೇ ದಿನ ನಿಲ್ಲಿಸಿದ್ದರಲ್ಲಿ ಅರ್ಥವಿದೆ. ತರಂಗಾಂತರಗಳು ಎರಡು ದೇಶಕ್ಕೂ ಸೇರಿ ಇರುವುದು ಒಂದೇ ರಾಶಿ. ಈಚೆಯವರು ಡಿಜಿಟಲ್‌ಗೆ ಬಳಸಬೇಕೆಂದ ಜಾಗದಲ್ಲಿ ಆಚೆಯವರ ಹಳೇ ಅನಲಾಗ್ ಕೂತಿದ್ದರೆ ಇಬ್ಬರಿಗೂ ಕಷ್ಟ. ಇಂಥ ಹಂಚಿಕೆಗೆಂದೇ 2006ರಲ್ಲಿ ಜಿನೀವಾದಲ್ಲಿ ದೊಡ್ಡ ಒಪ್ಪಂದ ಆಗಿತ್ತು. ಯುರೋಪ್, ಆಫ್ರಿಕಾ, ಪಶ್ಚಿಮ ಏಷ್ಯಾದ ದೇಶಗಳು ಅದರಲ್ಲಿದ್ದವು. 2015ರ ಜೂನ್ 17ರ ನಂತರ ನಿಮ್ಮ ಅನಲಾಗ್ ಪ್ರಸಾರಕ್ಕೆ ನೆರೆಯವರಿಂದ ಅಡ್ಡಿಯಾದರೆ ದೂರು ಕೊಡುವ ಹಾಗಿಲ್ಲ ಎಂಬುದು ಅದರ ತಿರುಳು.

ಈಗ ಭಾವನ ಬಾಕ್ಸ್‌ಗೆ ಬರೋಣ.

ಅನಲಾಗ್ ಕಾಲದಲ್ಲಿ ಎರಡೂ ಕಡೆ ಒಂದೇ ಪದ್ಧತಿ ಇತ್ತು. ಆ ಕಡೆಯ ಟಿವಿ ಬಹುಮಟ್ಟಿಗೆ ಈ ಕಡೆಯೂ ನಡೆಯುತ್ತಿತ್ತು. ಡಿಜಿಟಲ್‌ಗೆ ಹೋಗುವಾಗ ದಾರಿ ಬೇರೆ ಬೇರೆಯಾಯಿತು. ಬ್ರಿಟನ್ ಬೇಗ ಶುರುಮಾಡಿತ್ತು. ಅದರ ಫ್ರೀವ್ಯೂ ಸೇವೆಯ ಸಾಮಾನ್ಯ ಚಾನೆಲ್‌ಗಳು ಎಂಪೆಗ್-2 ಎಂಬ ಹಳೇ ವಿಧಾನದಲ್ಲಿ ಚಿತ್ರವನ್ನು ಒತ್ತಿ ಕಳಿಸುತ್ತಿದ್ದವು. ಗಣರಾಜ್ಯ ತಡವಾಗಿ ಬಂತು. ಅದರ ಸೇರ್‌ವ್ಯೂ ಸೇವೆ ಅಧಿಕೃತವಾಗಿ ಶುರುವಾದದ್ದು 2011ರಲ್ಲಿ. ಹಾಗಾಗಿ ಅದು ನೇರವಾಗಿ ಎಂಪೆಗ್-4 ಹಿಡಿಯಿತು. ಅಷ್ಟೇ ಜಾಗದಲ್ಲಿ ಜಾಸ್ತಿ ಚಾನೆಲ್ ಹಿಡಿಸುವ ವಿಧಾನ ಅದು. ತಡವಾಗಿ ಬಂದವರಿಗೆ ಹೊಸ ಸಾಮಾನು ಸಿಗುತ್ತದೆ, ಇದು ಎಲ್ಲ ಕಡೆಯ ನಿಯಮ.

ನ್ಯೂರಿಯ ಹಳೇ ಬಾಕ್ಸ್‌ಗೆ ಎಂಪೆಗ್-4 ಬಿಚ್ಚಲು ಬರುವುದಿಲ್ಲ. ಸಿಗ್ನಲ್ ಬಂದಿದೆ, ಚಾನೆಲ್‌ನ ಹೆಸರು ಓದಿಕೊಂಡಿದೆ, ಒಳಗಿನ ಚಿತ್ರ ಮಾತ್ರ ಅದಕ್ಕೆ ಗೊತ್ತಿಲ್ಲದ ಲಿಪಿ. ನಮ್ಮ ಡಿಡಿ ಫ್ರೀ ಡಿಶ್ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಹಳೇ ಬಾಕ್ಸ್‌ನಲ್ಲಿ ಕೆಲವು ಚಾನೆಲ್ ಬರುವುದಿಲ್ಲ, ಎಂಪೆಗ್-4 ಬಾಕ್ಸ್ ತನ್ನಿ ಎಂದು ಅಂಗಡಿಯವರು ಹೇಳುವುದು ಇದೇ ಕಾರಣಕ್ಕೆ.

ಇದರ ಮೇಲೆ ಇನ್ನೊಂದು ಗಂಟು ಇದೆ. ಚಿತ್ರವನ್ನು ಒತ್ತುವ ವಿಧಾನ ಒಂದು. ಒತ್ತಿದ್ದನ್ನು ಗಾಳಿಯಲ್ಲಿ ಸಾಗಿಸುವ ವಿಧಾನ ಇನ್ನೊಂದು. ಸಾಮಾನನ್ನು ಮೂಟೆ ಕಟ್ಟುವುದೂ ಲಾರಿಯೂ ಬೇರೆ ಬೇರೆ ತಾನೇ? ಸೇರ್‌ವ್ಯೂ ಬಳಸುವ ಲಾರಿ ಡಿವಿಬಿ-ಟಿ. ಬ್ರಿಟನ್ನಿನ ಸಾಮಾನ್ಯ ಚಾನೆಲ್‌ಗಳದ್ದೂ ಅದೇ. ಆದರೆ ಬ್ರಿಟನ್ನಿನ ಎಚ್‌ಡಿ ಚಾನೆಲ್‌ಗಳು 2009ರ ಕೊನೆಯಿಂದ ಡಿವಿಬಿ-ಟಿ2 ಎಂಬ ಹೊಸ ಲಾರಿ ಹತ್ತಿದವು. ಸೇರ್‌ವ್ಯೂಗೆಂದು ಡಬ್ಲಿನ್‌ನಲ್ಲಿ ಕೊಂಡ ಬಾಕ್ಸ್‌ಗೆ ಎಂಪೆಗ್-4 ಗೊತ್ತು, ಟಿ2 ಗೊತ್ತಿಲ್ಲ. ಅದರಲ್ಲಿ ಬಿಬಿಸಿಯ ಸಾಮಾನ್ಯ ಚಾನೆಲ್ ಬರುತ್ತದೆ, ಎಚ್‌ಡಿ ಬರುವುದಿಲ್ಲ. ಬ್ರಿಟನ್ನಿನ ಹಳೇ ಫ್ರೀವ್ಯೂ ಬಾಕ್ಸ್‌ಗೆ ಎರಡೂ ಗೊತ್ತಿಲ್ಲ. ಎರಡೂ ಗೊತ್ತಿದ್ದದ್ದು ಫ್ರೀವ್ಯೂ ಎಚ್‌ಡಿ ಎಂದು ಬರೆದಿದ್ದ ಟಿವಿಗಳಿಗೆ. ಗಡಿಯವರಿಗೆ ನಾನಾದರೂ ಹೇಳುತ್ತಿದ್ದದ್ದು ಇಷ್ಟೇ: ಬೆಲೆ ನೋಡಬೇಡಿ, ಡಬ್ಬದ ಮೇಲೆ ಟಿ2 ಇದೆಯಾ ನೋಡಿ. ಈಗ ಸಿಗುವ ಹೊಸ ಟಿವಿಗಳಲ್ಲಿ ಸಾಮಾನ್ಯವಾಗಿ ಎಲ್ಲವೂ ಇರುತ್ತದೆ.

ಇನ್ನು ಉತ್ತರ ಐರ್ಲೆಂಡಿನವರ ಕಡೆಯಿಂದ ನೋಡೋಣ. ಅಲ್ಲಿ ಐರಿಶ್ ಟಿವಿ ನೋಡುವುದು ಬರೀ ಮನರಂಜನೆಯ ಪ್ರಶ್ನೆಯಲ್ಲ. ತಾವು ಐರಿಶ್ ಎಂದುಕೊಳ್ಳುವ ಜನ ಅಲ್ಲಿ ಬಹಳ ಇದ್ದಾರೆ. ಗಣರಾಜ್ಯದ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇಯ ಸುದ್ದಿ, ಗೇಲಿಕ್ ಫುಟ್‌ಬಾಲ್, ಐರಿಶ್ ಭಾಷೆಯ ಟಿಜಿ4 ಚಾನೆಲ್ ಅವರಿಗೆ ಬೇಕು. 1998ರ ಗುಡ್ ಫ್ರೈಡೇ ಒಪ್ಪಂದ ಮೂವತ್ತು ವರ್ಷದ ಹಿಂಸೆಗೆ ತೆರೆ ಎಳೆದ ಒಪ್ಪಂದ. ಬಂದೂಕು, ಕೈದಿಗಳು, ಪೊಲೀಸ್ ವ್ಯವಸ್ಥೆಯ ವಿಷಯಗಳ ಜೊತೆಗೆ ಅದರಲ್ಲಿ ಒಂದು ಟಿವಿ ಚಾನೆಲ್‌ನ ಹೆಸರೂ ಇದೆ. ಉತ್ತರ ಐರ್ಲೆಂಡಿನಲ್ಲಿ ಆ ಐರಿಶ್ ಭಾಷೆಯ ಚಾನೆಲ್ ಹೆಚ್ಚು ಜನಕ್ಕೆ ಸಿಗುವಂತೆ ಮಾಡಲು ದಾರಿ ಹುಡುಕುತ್ತೇವೆ ಎಂದು ಬ್ರಿಟಿಷ್ ಸರ್ಕಾರ ಮಾತು ಕೊಟ್ಟಿತ್ತು.

ಅನಲಾಗ್ ನಿಲ್ಲಿಸುವ ಹೊತ್ತಿಗೆ ಆ ಮಾತು ಉಳಿಸಿಕೊಳ್ಳಲೇಬೇಕಾಯಿತು. ಗಡಿಗೆ ಹತ್ತಿರದವರಿಗೆ ಸೇರ್‌ವ್ಯೂ ತಾನಾಗಿ ಉಕ್ಕಿ ಹರಿದು ಬರುತ್ತಿತ್ತು. ಕ್ಲರ್ಮಾಂಟ್ ಕಾರ್ನ್ ಟವರ್ ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ. ನ್ಯೂರಿ ಕಡೆಯವರಿಗೆ ಅದು ಸಾಕು. ಡೆರಿ ಊರಿನವರಿಗೆ ಡೊನೆಗಾಲ್‌ನ ಹಾಲಿವೆಲ್ ಹಿಲ್ ಇದೆ. ಆದರೆ ಒಳಗಿನ ಊರುಗಳಲ್ಲಿ ಗ್ರೇನ್ಸ್ ನೋಡಿಕೊಂಡು ಹೇಗೋ ಸುಧಾರಿಸುತ್ತಿದ್ದವರಿಗೆ ಇನ್ನು ಮುಂದೆ ಏನೂ ಸಿಗದು. 2010ರ ಫೆಬ್ರವರಿಯಲ್ಲಿ ಎರಡು ಸರ್ಕಾರಗಳು ಒಡಂಬಡಿಕೆ ಮಾಡಿಕೊಂಡವು. ಅದರ ಫಲವೇ ಎನ್‌ಐ ಮಕ್ಸ್.

ಎನ್‌ಐ ಎಂದರೆ ಉತ್ತರ ಐರ್ಲೆಂಡ್. ಮಕ್ಸ್ ಎಂದರೆ ಮಲ್ಟಿಪ್ಲೆಕ್ಸ್‌ನ ಚಿಕ್ಕ ಹೆಸರು. ಸಿನಿಮಾದ್ದಲ್ಲ. ಅನಲಾಗ್‌ನಲ್ಲಿ ಒಂದು ಚಾನೆಲ್ ತಿನ್ನುತ್ತಿದ್ದಷ್ಟೇ ಜಾಗದಲ್ಲಿ, ಅಂದರೆ 8 ಮೆಗಾಹರ್ಟ್ಸ್‌ನಲ್ಲಿ, ಡಿಜಿಟಲ್‌ನಲ್ಲಿ ಹಲವು ಚಾನೆಲ್‌ಗಳನ್ನು ಕಟ್ಟಿ ಕಳಿಸಬಹುದು. ಆ ಕಟ್ಟೇ ಮಕ್ಸ್. ಎನ್‌ಐ ಮಕ್ಸ್ ಶುರುವಾದಾಗ ಅದರಲ್ಲಿದ್ದದ್ದು ಮೂರೇ ಟಿವಿ ಚಾನೆಲ್: ಆರ್‌ಟಿಇ ಒನ್, ಆರ್‌ಟಿಇ ಟೂ, ಟಿಜಿ4. ಪ್ರಸಾರ ಬ್ರಿಟಿಷ್ ನೆಲದ ಟವರ್‌ಗಳಿಂದಲೇ. ಬೆಲ್‌ಫಾಸ್ಟ್ ಹತ್ತಿರದ ಬ್ಲ್ಯಾಕ್ ಮೌಂಟನ್ ಒಂದು, ಪಶ್ಚಿಮದ ಬ್ರೌಹರ್ ಮೌಂಟನ್ ಇನ್ನೊಂದು.

ಮೂರೇ ಚಾನೆಲ್ ಇದ್ದದ್ದರಿಂದ ಎಂಜಿನಿಯರ್‌ಗಳಿಗೆ ಒಂದು ಒಳ್ಳೆಯ ಉಪಾಯ ಸಿಕ್ಕಿತು. ಈ ಭಾಗ ನನಗೆ ತುಂಬ ಇಷ್ಟ. ಡಿಜಿಟಲ್ ಪ್ರಸಾರದಲ್ಲಿ ಪ್ರತಿ ಬಾರಿಯೂ ಕೆಲವು ಗೊತ್ತಾದ ಗುರುತುಗಳಲ್ಲಿ ಒಂದನ್ನು ತೋರಿಸುತ್ತಾರೆ. ಎದುರಿನ ಟಿವಿ ಅದು ಯಾವುದು ಎಂದು ಗುರುತಿಸಬೇಕು. ಗುರುತುಗಳು ಜಾಸ್ತಿ ಇದ್ದರೆ ಒಂದೊಂದು ಸಲಕ್ಕೂ ಜಾಸ್ತಿ ಮಾಹಿತಿ ಹೋಗುತ್ತದೆ. 64 ಗುರುತು ಇದ್ದರೆ ಒಂದು ಸಲಕ್ಕೆ 6 ಬಿಟ್. ಬರೀ 4 ಗುರುತು ಇದ್ದರೆ 2 ಬಿಟ್ ಮಾತ್ರ. ಆದರೆ ಸೀರೆ ಅಂಗಡಿ ನೆನಪಿಸಿಕೊಳ್ಳಿ. ಹಸಿರಿನಲ್ಲೇ ಹತ್ತು ಬಗೆ ಇಟ್ಟರೆ ಒಳ್ಳೆಯ ಬೆಳಕಿನಲ್ಲಿ ಗುರುತಿಸಬಹುದು. ಕರೆಂಟ್ ಹೋಗಿ ಮೇಣದ ಬತ್ತಿ ಹಚ್ಚಿದರೆ ಗಿಳಿ ಹಸಿರು ಯಾವುದು, ಎಲೆ ಹಸಿರು ಯಾವುದು? ಕೆಂಪು, ಬಿಳಿ, ಕಪ್ಪು, ಹಳದಿ ಈ ನಾಲ್ಕೇ ಇದ್ದರೆ ಮಬ್ಬಿನಲ್ಲೂ ಹೇಳಬಹುದು. ಎನ್‌ಐ ಮಕ್ಸ್ ಆರಿಸಿಕೊಂಡದ್ದು ನಾಲ್ಕೇ ಬಣ್ಣದ ಈ ಗಟ್ಟಿ ವಿಧಾನ. ಸಾಗಿಸುವುದು ಕಡಿಮೆ, ಆದರೆ ಸಿಗ್ನಲ್ ಸೋತಿದ್ದರೂ ಬರುತ್ತದೆ. ಕೆಲವೇ ಟವರ್‌ಗಳಿಂದ ಬಹಳ ದೂರ ತಲುಪಲು ಸಾಧ್ಯವಾದದ್ದು ಹೀಗೆ. ಬೆಲೆ ತೆತ್ತವರು ಹಳೇ ಬಾಕ್ಸ್‌ನವರು. ಈ ಮಕ್ಸ್ ಬರುವುದು ಟಿ2ನಲ್ಲಿ. ಮೂರು ಐರಿಶ್ ಚಾನೆಲ್ ಎಚ್‌ಡಿ ಅಲ್ಲದಿದ್ದರೂ ನೋಡಲು ಫ್ರೀವ್ಯೂ ಎಚ್‌ಡಿ ಬಾಕ್ಸ್ ಬೇಕು ಎಂದರೆ ಜನಕ್ಕೆ ಹೇಗೆ ಅರ್ಥವಾದೀತು?

ಇದಕ್ಕೆ ಪ್ರತಿಯಾಗಿ ಬಿಬಿಸಿಯೂ ಸೇರ್‌ವ್ಯೂಗೆ ಬಂತೇ? ಇಲ್ಲ. ಗಣರಾಜ್ಯದವರು ಉಕ್ಕಿ ಬಂದದ್ದನ್ನು ಹಿಡಿಯಬೇಕು, ಇಲ್ಲವೇ ಆಕಾಶ ನೋಡಬೇಕು.

ಉಕ್ಕಿ ಬಂದದ್ದನ್ನು ಹಿಡಿಯುವುದರಲ್ಲೂ ಹೊಸ ತಲೆನೋವು ಬಂತು. ಅನಲಾಗ್ ಕಾಲದಲ್ಲಿ ಆರ್‌ಟಿಇ ಬಹಳ ಕಡೆ ವಿಎಚ್‌ಎಫ್‌ನಲ್ಲಿ, ಅಂದರೆ ಉದ್ದ ಅಲೆಗಳ ತರಂಗಾಂತರ ಪಟ್ಟಿಯಲ್ಲಿ ಬರುತ್ತಿತ್ತು, ಬ್ರಿಟಿಷ್ ಚಾನೆಲ್‌ಗಳು ಯುಎಚ್‌ಎಫ್‌ನಲ್ಲಿ, ಅಂದರೆ ಗಿಡ್ಡ ಅಲೆಗಳ ಪಟ್ಟಿಯಲ್ಲಿ. ವಿಎಚ್‌ಎಫ್ ಆಂಟೆನಾ ಎಂದರೆ ನಮ್ಮ ಹಳೇ ದೂರದರ್ಶನದ ಆಂಟೆನಾ ತರ ಉದ್ದುದ್ದ ಕಡ್ಡಿ. 200 ಮೆಗಾಹರ್ಟ್ಸ್ ಹತ್ತಿರ ಅಲೆಯ ಉದ್ದ ಒಂದೂವರೆ ಮೀಟರ್, ಕಡ್ಡಿ ಅದರರ್ಧ. ಯುಎಚ್‌ಎಫ್ ಕಡ್ಡಿ ಒಂದು ಅಡಿಯ ಆಸುಪಾಸು. ಎರಡು ಬೇರೆ ಬೇರೆ ಪಟ್ಟಿ ಆದದ್ದರಿಂದ ಒಂದು ಚಿಕ್ಕ ಫಿಲ್ಟರ್ ಡಬ್ಬಿಯಲ್ಲಿ ಎರಡನ್ನೂ ಸೇರಿಸಿ ಒಂದೇ ವೈರಿನಲ್ಲಿ ಮನೆಯೊಳಗೆ ತರಬಹುದಿತ್ತು. ಡಿಜಿಟಲ್ ಬಂದ ಮೇಲೆ ಎರಡೂ ಯುಎಚ್‌ಎಫ್. ಈಗ ಎರಡು ಆಂಟೆನಾದ ವೈರನ್ನು ಸುಮ್ನೆ ಜೋಡಿಸಿದರೆ, ಒಂದೇ ಸಿಗ್ನಲ್ ಎರಡು ಆಂಟೆನಾದಿಂದಲೂ ಬರುತ್ತದೆ, ಒಂದು ಸ್ವಲ್ಪ ಮೊದಲು, ಒಂದು ಸ್ವಲ್ಪ ಆಮೇಲೆ. ಒಂದಕ್ಕೊಂದು ಕತ್ತರಿಸಿಕೊಳ್ಳಬಹುದು. ಮೊದಲು ಚೆನ್ನಾಗಿ ಬರುತ್ತಿದ್ದದ್ದೂ ಹೋಗಬಹುದು. ಆಯಾ ಚಾನೆಲ್‌ಗೆ ಹೊಂದಿಸಿದ ಫಿಲ್ಟರ್ ಹಾಕಿ ಸೇರಿಸಬೇಕು. ಇಲ್ಲದಿದ್ದರೆ ಎರಡು ವೈರ್ ಬೇರೆ ಬೇರೆ ತಂದು ಸ್ವಿಚ್ ಹಾಕಿಕೊಳ್ಳಬೇಕು.

ಆಂಟೆನಾ ಮಲಗಿಸುವುದೋ ನಿಲ್ಲಿಸುವುದೋ ಎಂಬುದೂ ಮುಖ್ಯ. ಒಂದು ಟವರ್‌ನ ಅಲೆ ಅಡ್ಡಡ್ಡ ಅಲುಗಿದರೆ, ಇನ್ನೊಂದರದ್ದು ಉದ್ದುದ್ದ. ಕಡ್ಡಿಗಳೂ ಅದೇ ರೀತಿ ಇರಬೇಕು. ಇನ್ನು ಬೂಸ್ಟರ್. ಸಿಗ್ನಲ್ ಇಲ್ಲ ಎಂದ ಕೂಡಲೇ ಬೂಸ್ಟರ್ ತರುವ ಚಟ ಅಲ್ಲೂ ಇದೆ. ಬೂಸ್ಟರ್ ಸಿಗ್ನಲ್ ಜೊತೆಗೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಹತ್ತಿರದ ಟವರ್ ಜೋರಾಗಿದ್ದರೆ ಬೂಸ್ಟರ್ ಉಸಿರುಗಟ್ಟಿ, ದೂರದ್ದು ಇನ್ನೂ ಹಾಳಾಗುತ್ತದೆ. ಆಂಟೆನಾ ಹತ್ತು ಅಡಿ ಮೇಲಕ್ಕೆ ಏರಿಸುವುದು ಬಹಳ ಸಲ ಅದಕ್ಕಿಂತ ಒಳ್ಳೆಯದು.

ಎಲ್ಲ ಸರಿಹೋಗಿ ಟ್ಯೂನ್ ಮಾಡಿದಿರಿ ಎನ್ನಿ. ಆಗ ಶುರುವಾಗುತ್ತದೆ ನಂಬರ್ ಜಗಳ. ಬ್ರಿಟನ್ನಿನಲ್ಲಿ 1ನೇ ನಂಬರ್ ಬಿಬಿಸಿ ಒನ್‌ದು. ಗಣರಾಜ್ಯದಲ್ಲಿ 1ನೇ ನಂಬರ್ ಆರ್‌ಟಿಇ ಒನ್‌ದು. ರಿಮೋಟ್‌ನಲ್ಲಿ ಇರುವುದು ಒಂದೇ 1. ಕೆಲವು ಟಿವಿಗಳು ಯಾವ ದೇಶ ಎಂದು ಕೇಳುತ್ತವೆ. ಕೆಲವು ಮೊದಲು ಸಿಕ್ಕಿದ್ದಕ್ಕೆ ಕೊಟ್ಟು ಇನ್ನೊಂದನ್ನು 800ರ ಮೇಲಿನ ಯಾವುದೋ ನಂಬರ್‌ಗೆ ತಳ್ಳುತ್ತವೆ. 'ಯಾವ ದೇಶ' ಎಂಬ ಪ್ರಶ್ನೆಯನ್ನು ಉತ್ತರ ಐರ್ಲೆಂಡಿನ ಮನೆಯೊಂದರ ಹಜಾರದಲ್ಲಿ ಟಿವಿ ಕೇಳುವುದು ತಮಾಷೆಯೋ ಅಲ್ಲವೋ ನೀವೇ ಹೇಳಿ. 2020ರಲ್ಲಿ ಇದೆಲ್ಲ ಮತ್ತೆ ಮಾಡಬೇಕಾಯಿತು. ಮೊಬೈಲ್ ಇಂಟರ್ನೆಟ್‌ಗೆ ಜಾಗ ಬೇಕೆಂದು ಎರಡೂ ದೇಶ 694 ಮೆಗಾಹರ್ಟ್ಸ್‌ಗಿಂತ ಮೇಲಿನ ಟಿವಿ ಜಾಗ ಬಿಟ್ಟುಕೊಟ್ಟವು. ಚಾನೆಲ್‌ಗಳು ಕೆಳಗೆ ಒತ್ತಾಗಿ ಕೂತವು. ಎಲ್ಲರೂ ಮತ್ತೆ ಟ್ಯೂನ್ ಮಾಡಿದರು.

ಆಂಟೆನಾ ಆಗದವರಿಗೆ ಡಿಶ್ ಇದೆ. 2003ರಲ್ಲಿ ಬಿಬಿಸಿ ತನ್ನ ಉಪಗ್ರಹ ಚಾನೆಲ್‌ಗಳಿಗೆ ಹಾಕಿದ್ದ ಬೀಗ ತೆಗೆಯಿತು. ಕಾರ್ಡ್ ಬೇಡ, ತಿಂಗಳ ದುಡ್ಡು ಬೇಡ. ಬೀಗ ತೆಗೆದರೆ ಇಡೀ ಯುರೋಪ್ ನೋಡುವುದಿಲ್ಲವೇ? ಸಿನಿಮಾ, ಆಟಗಳ ಹಕ್ಕನ್ನು ಬಿಬಿಸಿ ಬ್ರಿಟನ್ನಿಗೆ ಮಾತ್ರ ಕೊಂಡಿರುತ್ತದೆ. ಅದಕ್ಕೆ ಬ್ರಿಟನ್ನಿನ ಮೇಲೆ ಮಾತ್ರ ಬೀಳುವ ಕಿರಿದಾದ ಕಿರಣದ ಉಪಗ್ರಹ ಆರಿಸಿದರು. ಬಲ್ಬಿನ ಬದಲು ಟಾರ್ಚ್ ಹಿಡಿದ ಹಾಗೆ. ಆದರೆ ಬ್ರಿಟನ್ನಿಗೆ ಟಾರ್ಚ್ ಬಿಟ್ಟು ಪಕ್ಕದ ಐರ್ಲೆಂಡಿಗೆ ಬೀಳದ ಹಾಗೆ ಮಾಡುವುದು ಸಾಧ್ಯವೇ? ಉತ್ತರ ಐರ್ಲೆಂಡಿಗೆ ಬೇಕೇ ಬೇಕಲ್ಲ. ಗಣರಾಜ್ಯಕ್ಕೂ ಪೂರ್ತಿ ಬಿತ್ತು. ಅಲ್ಲಿನ ಅಂಗಡಿಗಳಲ್ಲಿ ಒಂದೇ ಬಾಕ್ಸ್‌ನಲ್ಲಿ ಎರಡು ತೂತು ಇರುವ ಕಾಂಬಿ ಬಾಕ್ಸ್ ಮಾರಾಟಕ್ಕೆ ಬಂತು. ಒಂದು ತೂತಿಗೆ ಸೇರ್‌ವ್ಯೂ ಆಂಟೆನಾ, ಇನ್ನೊಂದಕ್ಕೆ ಡಿಶ್. ಆ ಡಿಶ್‌ಗಳನ್ನು ನೋಡಿದರೆ ನಮಗೆ ವಿಚಿತ್ರ ಅನ್ನಿಸುತ್ತದೆ. ಬೆಂಗಳೂರಿನಲ್ಲಿ ಡಿಶ್ ಆಕಾಶ ನೋಡುತ್ತಾ ಮಲಗಿರುತ್ತದೆ. ಅಲ್ಲಿ ಉಪಗ್ರಹ ಆಗ್ನೇಯಕ್ಕೆ, ದಿಗಂತದಿಂದ ಬರೀ 20 ಡಿಗ್ರಿ ಮೇಲೆ. ಡಿಶ್ ಪಕ್ಕದ ಮನೆಯ ಗೋಡೆಯನ್ನೇ ದುರುಗುಟ್ಟಿ ನೋಡುತ್ತಿರುವ ಹಾಗೆ ಕಾಣುತ್ತದೆ. ಪಕ್ಕದವರು ಒಂದು ಮರ ಬೆಳೆಸಿದರೆ ಬಿಬಿಸಿ ಹೋಯಿತು.

ಇದು ಕಳ್ಳತನವೇ ಎಂದು ಕೇಳಬಹುದು. ಬೀಗವಿಲ್ಲದ ಸಿಗ್ನಲ್ ಮನೆ ಮೇಲೆ ಬಿದ್ದದ್ದನ್ನು ನೋಡಿದರೆ ಅಲ್ಲಿ ಯಾರೂ ಹಿಡಿಯುವುದಿಲ್ಲ. ಆದರೆ ಮನೆಯಲ್ಲಿ ಟಿವಿ ಇದ್ದರೆ ಯಾವ ಚಾನೆಲ್ ನೋಡಿದರೂ ನಿಮ್ಮ ದೇಶದ ಟಿವಿ ಲೈಸೆನ್ಸ್ ಕಟ್ಟಬೇಕು. ಗಣರಾಜ್ಯದಲ್ಲಿ ವರ್ಷಕ್ಕೆ 160 ಯೂರೋ. ಅಕ್ಕ ಕಟ್ಟುತ್ತಾಳೆ, ಗೊಣಗುತ್ತಲೇ. ನೋಡುವುದೆಲ್ಲ ಬಿಬಿಸಿ, ದುಡ್ಡು ಆರ್‌ಟಿಇಗೆ ಎಂಬುದು ಅವಳ ಗೊಣಗು.

ಭಾವ ಆಮೇಲೆ ಎಂಪೆಗ್-4, ಟಿ2 ಎರಡೂ ಇರುವ ಟಿವಿ ತಂದರು. ಹಳೇ ಬಾಕ್ಸ್ ಇನ್ನೂ ಮೆಟ್ಟಿಲ ಕೆಳಗಿನ ಬೀರುವಿನಲ್ಲಿದೆ. ಈಗ ಮಕ್ಕಳು ಟಿವಿಯನ್ನು ನೋಡುವುದೇ ಅಪರೂಪ. ಅವರಿಗೆ ಬೇಕಾದದ್ದು ಬಿಬಿಸಿಯ ಐಪ್ಲೇಯರ್, ಅದು ಇಂಟರ್ನೆಟ್‌ನಲ್ಲಿ. ಡಂಡಾಕ್‌ನಲ್ಲಿ ಅದನ್ನು ಒತ್ತಿದರೆ ಇದು ಬ್ರಿಟನ್ನಿನಲ್ಲಿ ಮಾತ್ರ ಎಂದು ಬರುತ್ತದೆ. ಅದೇ ಕಾರ್ಯಕ್ರಮ ಅದೇ ಹೊತ್ತಿಗೆ ಹಜಾರದ ಟಿವಿಯಲ್ಲಿ, ಚಿಮಣಿಯ ಎರಡನೇ ಆಂಟೆನಾದಿಂದ ಬರುತ್ತಿರುತ್ತದೆ.